ವೈದ್ಯವಿದ್ಯೆಗಾಗಿ ಕಡಲು ದಾಟಿದ ಆನಂದಿಬಾಯಿ ಜೋಶಿ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ದೇವರ ಮುಂದೆ ಒಂದು ದೀಪ ಹೆಚ್ಚು ಉರಿಯುತ್ತದೆ. ವೈದ್ಯಕೀಯ ಓದು ಮುಗಿಸುತ್ತಿರುವ ಮಕ್ಕಳಿಗೆ ರೆಸಿಡೆನ್ಸಿ ಯಾವ ಊರಿನ ಆಸ್ಪತ್ರೆಯಲ್ಲಿ ಸಿಕ್ಕಿತೆಂದು ತಿಳಿಯುವ ಮ್ಯಾಚ್ ದಿನ ಬರುವುದು ಆ ತಿಂಗಳಲ್ಲಿಯೇ. ಮೈಸೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿ ಇಲ್ಲಿಗೆ ಬಂದವರು, ಇಲ್ಲಿಯೇ ಹುಟ್ಟಿ ಶಿಕಾಗೋದಲ್ಲೋ ಆನ್ ಆರ್ಬರಿನಲ್ಲೋ ಓದುತ್ತಿರುವವರು, ನರ್ಸಿಂಗ್, ಫಾರ್ಮಸಿ, ಫಿಸಿಕಲ್ ಥೆರಪಿ ಕಲಿಯಲು ಒಂಟಿಯಾಗಿ ಬಂದಿಳಿದವರು, ಹೀಗೆ ಲೆಮಾಂಟ್, ಅರೋರಾ, ನೋವೈ ದೇವಸ್ಥಾನಗಳಿಗೆ ಬರುವ ನಮ್ಮ ಸಂಸಾರಗಳಲ್ಲಿ ಆರೋಗ್ಯ ವಿದ್ಯೆಯನ್ನು ಹಿಡಿದವರು ಕಡಿಮೆಯಿಲ್ಲ. ಈ ಹಾದಿಯಲ್ಲಿ ನಮಗಿಂತ ಬಹಳ ಮೊದಲು, ಮೋಟಾರು ಕಾರು ಕೂಡ ಬೀದಿಗೆ ಬಾರದ ಕಾಲದಲ್ಲಿ, ಸೀರೆಯುಟ್ಟು ಕುಂಕುಮವಿಟ್ಟು ನಡೆದುಹೋದ ಒಬ್ಬ ಹೆಣ್ಣುಮಗಳ ಜೀವನವನ್ನು ಈ ಸಂಚಿಕೆಯಲ್ಲಿ ನೆನೆಯೋಣವೆಂದು ನಮ್ಮ ಆಸೆ. ಅವರೇ ಡಾಕ್ಟರ್ ಆನಂದಿಬಾಯಿ ಜೋಶಿ. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಹಿಂದೂ ಮಹಿಳೆ. ಪದವಿ ಬಂದದ್ದು 1886ರ ಮಾರ್ಚ್ 11ರಂದು. ಸ್ವಾಮಿ ವಿವೇಕಾನಂದರು ಶಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಬರುವುದಕ್ಕೆ ಇನ್ನೂ ಏಳು ವರ್ಷಗಳಿದ್ದವು.

ಆನಂದಿಬಾಯಿಯವರು ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬಯಿಯ ಹತ್ತಿರದ ಕಲ್ಯಾಣದ ಒಂದು ಬ್ರಾಹ್ಮಣ ಮನೆತನದಲ್ಲಿ. ತೌರಿನವರು ಇಟ್ಟ ಹೆಸರು ಯಮುನಾ. ಒಂದು ಕಾಲಕ್ಕೆ ಅನುಕೂಲವಾಗಿದ್ದ ಆ ಮನೆ ಆಗ ಬಡವಾಗಿತ್ತು. ಒಂಬತ್ತನೆಯ ವಯಸ್ಸಿಗೆ ಮದುವೆಯಾಯಿತು. ವರ ಗೋಪಾಲರಾವ್ ಜೋಶಿ, ಅಂಚೆ ಇಲಾಖೆಯ ಗುಮಾಸ್ತ, ಹೆಂಡತಿ ತೀರಿಹೋಗಿದ್ದವರು, ಹುಡುಗಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಗಂಡನ ಮನೆಯಲ್ಲಿ ಯಮುನಾ ಆನಂದಿಯಾದಳು. ಇಷ್ಟರ ಮಟ್ಟಿಗೆ ಆ ಕಾಲದ ಸಾವಿರಾರು ಹೆಣ್ಣುಮಕ್ಕಳ ಕಥೆಯೇ. ಬೇರೆಯಾದದ್ದು ಒಂದೇ ವಿಷಯದಲ್ಲಿ. ಗೋಪಾಲರಾಯರಿಗೆ ತಮ್ಮ ಹೆಂಡತಿ ಓದಬೇಕೆಂಬ ಹಟ. ನೆರೆಹೊರೆಯ ಗಂಡಸರು ಹೆಂಡತಿ ಪುಸ್ತಕ ಮುಟ್ಟಿದರೆ ಗದರುತ್ತಿದ್ದ ಕಾಲದಲ್ಲಿ ಇವರು ಹೆಂಡತಿ ಪುಸ್ತಕ ಬಿಟ್ಟು ಅಡಿಗೆಮನೆಗೆ ಹೋದರೆ ಸಿಟ್ಟಾಗುತ್ತಿದ್ದರು. ಮನೆಯ ಹಿರಿಯರ ಹಿಡಿತದಿಂದ ದೂರವಿರಲೆಂದು ಊರಿಂದೂರಿಗೆ ವರ್ಗ ಮಾಡಿಸಿಕೊಂಡರು. ಅಲಿಬಾಗ, ಕೊಲ್ಹಾಪುರ, ಮುಂಬಯಿ, ಭುಜ್, ಕಲ್ಕತ್ತ ಹೀಗೆ ಸುತ್ತಾಟ ನಡೆಯಿತು. ಆನಂದಿ ಮರಾಠಿ, ಸಂಸ್ಕೃತ, ಇಂಗ್ಲಿಷ್ ಮೂರನ್ನೂ ಕಲಿತಳು.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಗೆ ಗಂಡುಮಗು ಹುಟ್ಟಿತು. ಹತ್ತು ದಿನ ಮಾತ್ರ ಬದುಕಿತ್ತು. ಬೇಕಾದ ವೈದ್ಯ ಸಹಾಯ ಆ ಹೊತ್ತಿಗೆ ಸಿಗಲಿಲ್ಲ. ಗಂಡಸು ವೈದ್ಯರಿಗೆ ಮೈ ತೋರಿಸಲು ನಮ್ಮ ಹೆಂಗಸರು ಒಪ್ಪುತ್ತಿರಲಿಲ್ಲ, ಹೆಂಗಸು ವೈದ್ಯರು ಇರಲಿಲ್ಲ. ಬಾಣಂತಿಕೋಣೆಯ ಕತ್ತಲಲ್ಲಿ ಎಷ್ಟು ತಾಯಂದಿರು, ಎಷ್ಟು ಹಸುಗೂಸುಗಳು ಹೋದವೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ತನ್ನ ಮಗುವನ್ನು ಕಳೆದುಕೊಂಡ ಆ ಹುಡುಗಿ ತಾನೇ ವೈದ್ಯಳಾಗಬೇಕೆಂದು ನಿಶ್ಚಯಿಸಿದಳು. ಅಲ್ಲಿಯವರೆಗೆ ಓದು ಗಂಡನ ಹಟವಾಗಿತ್ತು. ಅಲ್ಲಿಂದ ಮುಂದೆ ಅದು ಅವಳ ಸ್ವಂತದ ಸಂಕಲ್ಪವಾಯಿತು.

ಗೋಪಾಲರಾಯರು 1878ರಲ್ಲಿ ಕೊಲ್ಹಾಪುರದಿಂದ ಅಮೆರಿಕದ ಮಿಷನರಿಗಳಿಗೆ ಪತ್ರ ಬರೆದು ಹೆಂಡತಿಯ ಓದಿಗೆ ಸಹಾಯ ಕೇಳಿದ್ದರು. ಧರ್ಮ ಬಿಟ್ಟು ಬರುವುದಾದರೆ ಸಹಾಯ ದೊರೆಯಬಹುದೆಂಬ ಅರ್ಥದ ಉತ್ತರ ಬಂತು. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಲಿಲ್ಲ. ಮಾತು ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಆ ಪತ್ರ ಅಲ್ಲಿನ ಒಂದು ಮಿಷನರಿ ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ, ಹಲ್ಲಿನ ಡಾಕ್ಟರ ಬಳಿ ತಮ್ಮ ಸರದಿಗೆ ಕಾಯುತ್ತಾ ಕುಳಿತಿದ್ದಾಗ ಆ ಪತ್ರಿಕೆ ಅವರ ಕಣ್ಣಿಗೆ ಬಿತ್ತು. 1880ರಲ್ಲಿ ಆಕೆ ಆನಂದಿಬಾಯಿಗೆ ಪತ್ರ ಬರೆದರು. ಉತ್ತರ ಹೋಯಿತು. ಒಬ್ಬರನ್ನೊಬ್ಬರು ನೋಡದೆಯೇ ಇಬ್ಬರೂ ಆತ್ಮೀಯರಾದರು. ಆನಂದಿಬಾಯಿ ಆಕೆಯನ್ನು ಮಾವಶಿ ಎಂದು ಕರೆದರು. ಬೆಳಗಾವಿ ಕಡೆಯ ನಮ್ಮ ಓದುಗರಿಗೆ ಈ ಪದದ ಸವಿ ಹೇಳಬೇಕಾಗಿಲ್ಲ, ತಾಯಿಯ ತಂಗಿ ಎಂದರ್ಥ.

ಆನಂದಿಬಾಯಿಯವರ ಆರೋಗ್ಯ ಕಲ್ಕತ್ತದಲ್ಲಿಯೇ ಚೆನ್ನಾಗಿರಲಿಲ್ಲ. ತಲೆನೋವು, ಆಗಾಗ ಜ್ವರ, ಕೆಲವೊಮ್ಮೆ ಉಸಿರು ಕಟ್ಟುವುದು ಇದ್ದವು. ಕಾರ್ಪೆಂಟರ್ ಮಾವಶಿ ಅಮೆರಿಕದಿಂದ ಔಷಧಿ ಕಳಿಸಿದರೂ ಗುಣ ಕಾಣಲಿಲ್ಲ. ಇದರ ಜೊತೆಗೆ ಊರಿನವರ ಮಾತು ಬೇರೆ. ಸಮುದ್ರ ದಾಟುವುದು ಪಾತಕವೆಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಈ ಪ್ರಶ್ನೆ ಅಷ್ಟು ಬೇಗ ಮುಗಿಯುವಂಥದ್ದಲ್ಲ ಎಂಬುದು ನಮ್ಮವರಿಗೆ ಗೊತ್ತು. 2008ರಲ್ಲಿ ಉಡುಪಿಯ ಪುತ್ತಿಗೆ ಮಠದ ಪರ್ಯಾಯದ ಹೊತ್ತಿನಲ್ಲಿಯೂ ವಿದೇಶ ಪ್ರಯಾಣದ ವಿಷಯ ಚರ್ಚೆಗೆ ಬಂದಿತ್ತು. ಹಾಗಿರುವಾಗ 1883ರಲ್ಲಿ, ಗಂಡನನ್ನು ಬಿಟ್ಟು ಒಬ್ಬಳೇ ಹೊರಟ ಹದಿನೆಂಟು ವರ್ಷದ ಹೆಣ್ಣುಮಗಳ ಬಗ್ಗೆ ಜನ ಏನೇನು ಆಡಿಕೊಂಡಿರಬೇಕೆಂದು ಊಹಿಸಬಹುದು.

ಆನಂದಿಬಾಯಿಯವರು ಆ ಮಾತುಗಳಿಗೆ ಬೆನ್ನು ಹಾಕಿ ಕದ್ದು ಹೊರಡಲಿಲ್ಲ. 1883ರ ಫೆಬ್ರವರಿ 24ರಂದು ಕಲ್ಕತ್ತದ ಬಳಿಯ ಸೇರಾಂಪುರ ಕಾಲೇಜಿನಲ್ಲಿ ಸಭೆಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಜನ ತಮ್ಮನ್ನು ಕೇಳುತ್ತಿದ್ದ ಪ್ರಶ್ನೆಗಳನ್ನು ತಾವೇ ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳಿದರು. ಏಕೆ ಹೋಗಬೇಕು, ಇಲ್ಲಿಯೇ ಕಲಿಯಲಾಗದೆ, ಒಬ್ಬಳೇ ಏಕೆ, ಜಾತಿಯಿಂದ ಹೊರಗೆ ಹಾಕಿದರೆ ಏನು ಗತಿ, ಹೀಗೆ. ಹಿಂದೂ ಹೆಂಗಸರಿಗೆ ಹಿಂದೂ ಹೆಂಗಸು ವೈದ್ಯರೇ ಬೇಕಾಗಿದ್ದಾರೆ ಎಂಬುದು ಅವರ ಮುಖ್ಯ ವಾದ. ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳಿ ಬರುವುದಾಗಿ ಸಭೆಗೆ ಮಾತು ಕೊಟ್ಟರು. ಆ ಭಾಷಣದ ನಂತರ ವಿರೋಧದ ಜೊತೆಗೆ ಸಹಾಯವೂ ಬಂತು. ಕೈಬಳೆಗಳನ್ನು ಮಾರಿ ದುಡ್ಡು ಹೊಂದಿಸಿಕೊಂಡು 1883ರ ಏಪ್ರಿಲ್ 7ರಂದು ಕಲ್ಕತ್ತದಿಂದ ಹಡಗು ಹತ್ತಿದರು. ಜೊತೆಗೆ ಮಿಷನರಿ ಹೆಂಗಸರ ಪರಿಚಯವಷ್ಟೇ. ಸುಮಾರು ಎರಡು ತಿಂಗಳ ಪಯಣದ ನಂತರ ಜೂನ್ 4ರಂದು ನ್ಯೂಯಾರ್ಕಿನಲ್ಲಿ ಇಳಿದರು. ಆಗ ಅವರಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು.

ಇಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದ ವಿದ್ಯಾರ್ಥಿ ಸೂಟ್‌ಕೇಸು ಕೈಗೆ ಬರುವ ಮೊದಲೇ ಅಮ್ಮನಿಗೆ ಫೋನು ಮಾಡುತ್ತಾನೆ. ಆನಂದಿಬಾಯಿಯವರ ಪತ್ರ ಊರು ಮುಟ್ಟುವುದಕ್ಕೇ ವಾರಗಟ್ಟಲೆ ಬೇಕು, ಉತ್ತರಕ್ಕೆ ಮತ್ತಷ್ಟು. ಆದರೆ ಬಂದರಿನಲ್ಲಿ ಕಾರ್ಪೆಂಟರ್ ಮಾವಶಿ ಇದ್ದರು. ಆ ಬೇಸಿಗೆಯನ್ನೆಲ್ಲ ರೋಸೆಲ್‌ನ ಮನೆಯಲ್ಲಿ ಕಳೆದರು. ಅನ್ಯಧರ್ಮದ ಆ ಮನೆಯವರು ಇವರ ಆಚಾರಕ್ಕೆ ಅಡ್ಡಿ ಮಾಡಲಿಲ್ಲ, ಇವರು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡರು.

ಸೇರಬೇಕೆಂದಿದ್ದ ಕಾಲೇಜು ಫಿಲಡೆಲ್ಫಿಯಾದ ವುಮನ್ಸ್ ಮೆಡಿಕಲ್ ಕಾಲೇಜ್ ಆಫ್ ಪೆನ್ಸಿಲ್ವೇನಿಯಾ. 1850ರಲ್ಲಿ ಹೆಂಗಸರಿಗೆಂದೇ ಹುಟ್ಟಿದ ಕಾಲೇಜು ಅದು, ಈಗ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಸೇರಿಹೋಗಿದೆ. ಆಗ ಡೀನ್ ಆಗಿದ್ದವರು ರೇಚಲ್ ಬೋಡ್ಲಿ. ಆನಂದಿಬಾಯಿ ತಮ್ಮ ಅರ್ಜಿಯಲ್ಲಿ ತಮಗೆ ಶಾಲಾ ಶಿಕ್ಷಣ ಹೆಚ್ಚಿಲ್ಲವೆಂಬುದನ್ನು ಮುಚ್ಚಿಡಲಿಲ್ಲ. ಗಂಡಸು ವೈದ್ಯರ ಬಳಿ ಹೋಗುವುದಕ್ಕಿಂತ ಸಾಯುವುದೇ ಮೇಲೆನ್ನುವ ತಮ್ಮ ದೇಶದ ಹೆಂಗಸರಿಗೆ ನೆರವಾಗಬೇಕು, ಅದಕ್ಕಾಗಿ ಕಲಿಸಿರಿ ಎಂದು ಕೇಳಿಕೊಂಡರು. ಡೀನ್ ಬೋಡ್ಲಿ ಸೀಟು ಕೊಟ್ಟರು, ವಿದ್ಯಾರ್ಥಿ ವೇತನಕ್ಕೂ ಏರ್ಪಾಡು ಮಾಡಿದರು. 1883ರ ಅಕ್ಟೋಬರಿನಲ್ಲಿ ಪಾಠ ಆರಂಭವಾಯಿತು.

ಚಳಿಗಾಲವೂ ಅದರ ಹಿಂದೆಯೇ ಬಂತು. ನಮ್ಮ ಮಿಶಿಗನ್, ಇಲಿನಾಯಿಯ ಚಳಿಯನ್ನು ಬಲ್ಲವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. ಒಂಬತ್ತು ಗಜದ ಕಚ್ಚೆ ಸೀರೆಯಲ್ಲಿ ಮೀನಖಂಡ ಮುಚ್ಚುವುದಿಲ್ಲ. ಇದ್ದ ಕೋಣೆಯ ಬೆಂಕಿಗೂಡು ಸರಿಯಿಲ್ಲದೆ, ಬೆಂಕಿ ಹಾಕಿದರೆ ಹೊಗೆ, ಹಾಕದಿದ್ದರೆ ಕೊರೆತ. ತಿನ್ನುವುದಕ್ಕೆ ಸಸ್ಯಾಹಾರ ಬೇಕು, ಓದು, ಹೆಣ ಕೊಯ್ಯುವ ತರಗತಿ ಎಲ್ಲ ಮುಗಿಸಿ ಬಂದ ಮೇಲೆ ತಾವೇ ಬೇಯಿಸಿಕೊಳ್ಳಬೇಕು. ಬಹಳ ಯೋಚಿಸಿದ ಮೇಲೆ ಆನಂದಿಬಾಯಿ ಗುಜರಾತಿ ರೀತಿಯಲ್ಲಿ, ಒಳಲಂಗದ ಮೇಲೆ ಕಾಲು ಮುಚ್ಚುವಂತೆ ಸೀರೆ ಉಡಲು ಮೊದಲು ಮಾಡಿದರು. ನಮಗೆ ಇದು ಸಣ್ಣ ವಿಷಯವಾಗಿ ಕಂಡೀತು. ಅವರಿಗೆ ಅದು ಸಣ್ಣದಾಗಿರಲಿಲ್ಲ. ಯಾವುದು ಧರ್ಮ, ಯಾವುದು ಕೇವಲ ರೂಢಿ, ಎಲ್ಲಿ ಬಗ್ಗಬಹುದು, ಎಲ್ಲಿ ಬಗ್ಗಬಾರದು ಎಂಬುದನ್ನು ಕೇಳಲು ಹತ್ತಿರದಲ್ಲಿ ಹಿರಿಯರಿಲ್ಲ, ಪುರೋಹಿತರಿಲ್ಲ. ತಮ್ಮ ಬುದ್ಧಿಯಿಂದಲೇ ತೀರ್ಮಾನಿಸಬೇಕು. ಅದರ ನಡುವೆ ಡಿಫ್ತೀರಿಯಾ ಬಂದು ಹಾಸಿಗೆ ಹಿಡಿದರು, ಚೇತರಿಸಿಕೊಂಡು ಮತ್ತೆ ತರಗತಿಗೆ ಹೋದರು. ಆಮೇಲೆ ಡೀನ್ ಬೋಡ್ಲಿಯವರ ಮನೆಯಲ್ಲಿ ಅವರಿಗೆ ಆಶ್ರಯ ಸಿಕ್ಕಿತು.

ಅವರು ಬೆಳೆದದ್ದು ವಿದ್ಯೆಯಲ್ಲಿ ಮಾತ್ರವಲ್ಲ. ಅದಕ್ಕೆ ಸಾಕ್ಷಿ ಗಂಡನಿಗೆ ಬರೆದ ಪತ್ರಗಳು. ಗೋಪಾಲರಾಯರ ಹಟದಿಂದಲೇ ಆನಂದಿಬಾಯಿ ಓದಿದರು ಎಂಬುದು ನಿಜ. ಆ ಹಟ ಕ್ರೂರವಾಗಿತ್ತೆಂಬುದೂ ಅಷ್ಟೇ ನಿಜ. ಹತ್ತು ವರ್ಷದ ಹೆಂಡತಿ ಪಾಠ ಕಲಿಯದಿದ್ದರೆ ಕಟ್ಟಿಗೆಯಿಂದ ಹೊಡೆಯುವುದು, ಪುಸ್ತಕ ಎಸೆಯುವುದು, ಬಿಟ್ಟು ಹೋಗುತ್ತೇನೆಂದು ಹೆದರಿಸುವುದು ನಡೆದಿತ್ತು. ಊರಿನಲ್ಲಿದ್ದಾಗ ಇದಕ್ಕೆ ಉತ್ತರ ಕೊಡುವ ಧೈರ್ಯ ಅವರಿಗಿರಲಿಲ್ಲ. ಅಮೆರಿಕಕ್ಕೆ ಬಂದ ಮೇಲೂ ಪತ್ರಗಳಲ್ಲಿ ಸಂಶಯ, ಚುಚ್ಚುಮಾತು ಬರುತ್ತಲೇ ಇದ್ದವು. ಆಗ ಆನಂದಿಬಾಯಿ ಬರೆದ ಒಂದು ಉತ್ತರವನ್ನು ನಾವೆಲ್ಲ, ಅದರಲ್ಲೂ ಮಕ್ಕಳ ತಂದೆತಾಯಿಗಳು, ಗಮನಿಸಬೇಕು. ಆ ಹೊಡೆತ ಸರಿಯೋ ತಪ್ಪೋ ಎಂದು ಕೇಳಿದರೆ ಎರಡೂ ಹೌದು ಎಂಬುದು ಅವರ ತೀರ್ಮಾನ. ಮುಟ್ಟಿದ ಗುರಿಯನ್ನು ನೋಡಿದರೆ ಸರಿಯೆನ್ನಬೇಕು, ಎಳೆಯ ಮನಸ್ಸಿನ ಮೇಲೆ ಅದು ಮಾಡಿದ ಗಾಯವನ್ನು ನೋಡಿದರೆ ತಪ್ಪೆನ್ನಬೇಕು. ಗಂಡನ ಉಪಕಾರವನ್ನು ಅವರು ಮರೆಯಲಿಲ್ಲ, ನೋವನ್ನು ಮುಚ್ಚಲೂ ಇಲ್ಲ. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಇಂಥ ಸಮತೂಕ ಬಂದಿದ್ದರೆ ಅದನ್ನಲ್ಲವೇ ನಾವು ಬೆಳವಣಿಗೆ ಎನ್ನುವುದು?

1885ರ ಅಕ್ಟೋಬರಿನಲ್ಲಿ ತೆಗೆದ ಒಂದು ಫೋಟೋ ಇದೆ. ಅದರಲ್ಲಿ ಮೂವರು ವಿದ್ಯಾರ್ಥಿನಿಯರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ಕುಳಿತಿದ್ದಾರೆ. ಸೀರೆಯಲ್ಲಿ ಆನಂದಿಬಾಯಿ, ಕಿಮೋನೋದಲ್ಲಿ ಜಪಾನಿನ ಕೇ ಒಕಾಮಿ, ಸಿರಿಯಾದ ಉಡುಪಿನಲ್ಲಿ ಸಬಾತ್ ಇಸ್ಲಾಂಬೂಲಿ. ಮೂವರೂ ಆ ಕಾಲೇಜಿನಿಂದಲೇ ವೈದ್ಯರಾದರು. ನೂರನಲವತ್ತು ವರ್ಷಗಳ ಹಿಂದಿನ ಆ ಚಿತ್ರವನ್ನು ನೋಡಿದರೆ, ಬೇರೆ ಬೇರೆ ದೇಶದ ಹುಡುಗಿಯರು ಒಂದೇ ಮೇಜಿನ ಸುತ್ತ ಓದುತ್ತಾ ಕೂರುವ ಇಂದಿನ ಡಾರ್ಮಿಟರಿಗಳು ನೆನಪಾಗುತ್ತವೆ.

ಆನಂದಿಬಾಯಿಯವರ ಪ್ರೌಢ ಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿ ವಿದ್ಯೆ. ಆಯುರ್ವೇದ ಗ್ರಂಥಗಳನ್ನೂ ಅಮೆರಿಕದ ಪಠ್ಯಪುಸ್ತಕಗಳನ್ನೂ ಒಟ್ಟಿಗೆ ಇಟ್ಟುಕೊಂಡು ಬರೆದರು. ಮಗುವನ್ನು ಕಳೆದುಕೊಂಡ ತಾಯಿ ಬೇರೆ ಯಾವ ವಿಷಯವನ್ನು ಆರಿಸಿಯಾಳು! 1886ರ ಮಾರ್ಚ್ 11ರಂದು ಪದವಿ ಪ್ರದಾನ ನಡೆದಾಗ ಗೋಪಾಲರಾಯರೂ ಅಮೆರಿಕಕ್ಕೆ ಬಂದಿದ್ದರು. ವಿಕ್ಟೋರಿಯಾ ರಾಣಿಗೂ ಸುದ್ದಿ ಹೋಗಿ ಅಲ್ಲಿಂದ ಮೆಚ್ಚುಗೆಯ ಉತ್ತರ ಬಂತು.

ಆ ಸಮಾರಂಭಕ್ಕೆಂದೇ ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಅತಿಥಿ ಪಂಡಿತಾ ರಮಾಬಾಯಿ. ಇವರು ನಮ್ಮ ಕರ್ನಾಟಕದ ನೆಲದಲ್ಲಿ ಹುಟ್ಟಿದವರು. ಕಾರ್ಕಳದ ಹತ್ತಿರದ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡಿದ್ದರು. ರಮಾಬಾಯಿ ಹುಟ್ಟಿದ್ದು ಅಲ್ಲಿಯೇ, 1858ರಲ್ಲಿ. ಅವರೂ ವೈದ್ಯಕೀಯ ಕಲಿಯಬೇಕೆಂದೇ 1883ರಲ್ಲಿ ಇಂಗ್ಲೆಂಡಿಗೆ ಹೋಗಿದ್ದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ಅಲ್ಲಿ ಅವರು ಕ್ರೈಸ್ತ ಧರ್ಮವನ್ನೂ ಸ್ವೀಕರಿಸಿದರು. ಒಬ್ಬರು ಧರ್ಮ ಬದಲಿಸಿದವರು, ಇನ್ನೊಬ್ಬರು ಬದಲಿಸುವುದಿಲ್ಲವೆಂದು ಸಭೆಗೆ ಮಾತು ಕೊಟ್ಟು ಅದನ್ನು ಉಳಿಸಿಕೊಂಡವರು. ಆದರೂ ಒಬ್ಬರ ಸಂತೋಷಕ್ಕೆ ಇನ್ನೊಬ್ಬರು ಕಡಲು ದಾಟಿ ಬಂದರು. ಮುಂದೆ ರಮಾಬಾಯಿ ವಿಧವೆಯರ ಶಾಲೆಗಾಗಿ ಈ ದೇಶದಲ್ಲಿ ಸಹಾಯ ಕೇಳುತ್ತಾ ಸುತ್ತಿದಾಗ ನೆರವಾದವರಲ್ಲಿ ನಮ್ಮ ಶಿಕಾಗೋ ಪಕ್ಕದ ಇವಾನ್‌ಸ್ಟನ್ನಿನ ಫ್ರಾನ್ಸಿಸ್ ವಿಲ್ಲರ್ಡ್ ಕೂಡ ಒಬ್ಬರು.

ಪದವಿಯ ಬೆನ್ನಿಗೇ ಕೆಲಸವೂ ಸಿಕ್ಕಿತು. ಕೊಲ್ಹಾಪುರ ಸಂಸ್ಥಾನದವರು ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿನ ಮುಖ್ಯ ವೈದ್ಯೆಯಾಗಿ ನೇಮಿಸಿದರು. ಮಹಾಲಕ್ಷ್ಮಿಯ ದರ್ಶನಕ್ಕೆಂದು ನಮ್ಮ ಬೆಳಗಾವಿ, ವಿಜಾಪುರದವರು ಹೋಗುವ ಅದೇ ಕೊಲ್ಹಾಪುರ. ಆ ಹುದ್ದೆಯಲ್ಲಿ ಅವರು ಕೂತಿದ್ದರೆ ಗಡಿಯ ಈಚೆಯ ಕನ್ನಡದ ಹೆಂಗಸರೂ ಗಾಡಿ ಕಟ್ಟಿಕೊಂಡು ಅವರ ಬಳಿಗೆ ಹೋಗುತ್ತಿದ್ದರೋ ಏನೋ. ಆದರೆ ಕ್ಷಯ ರೋಗ ಅವರನ್ನು ಆಗಲೇ ಹಿಡಿದಿತ್ತು. 1886ರ ಅಕ್ಟೋಬರಿನಲ್ಲಿ ಗಂಡನ ಜೊತೆ ಹಡಗು ಹತ್ತಿ ನವೆಂಬರಿನಲ್ಲಿ ಮುಂಬಯಿಗೆ ಬಂದಾಗ ಜನ ಸಂಭ್ರಮದಿಂದ ಎದುರುಗೊಂಡರು. ಬಂದವರು ಮಾತ್ರ ನಡೆಯಲಾರದಷ್ಟು ಸೊರಗಿದ್ದರು. ಕೊಲ್ಹಾಪುರಕ್ಕೆ ಹೋಗಿ ಅಧಿಕಾರ ವಹಿಸಿಕೊಳ್ಳಲು ಆಗಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು.

ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಮಾವಶಿಗೆ ಕಳಿಸಲಾಯಿತು. ಆಕೆ ಅದನ್ನು ನ್ಯೂಯಾರ್ಕ್ ರಾಜ್ಯದ ಪೋಕಿಪ್ಸಿಯಲ್ಲಿ ತಮ್ಮ ಕುಟುಂಬದ ಸ್ಮಶಾನಭೂಮಿಯಲ್ಲಿ, ಮನೆಮಗಳಿಗೆಂಬಂತೆ ಜಾಗ ಕೊಟ್ಟು ಇರಿಸಿದರು. ಅಲ್ಲಿ ಅವರ ಹೆಸರಿನ ಕಲ್ಲು ಇಂದಿಗೂ ಇದೆ. 1888ರಲ್ಲಿ ಕ್ಯಾರೋಲಿನ್ ಡಾಲ್ ಎಂಬ ಅಮೆರಿಕದ ಲೇಖಕಿ ಅವರ ಜೀವನ ಚರಿತ್ರೆ ಬರೆದರು. ಶುಕ್ರ ಗ್ರಹದ ಒಂದು ಕುಳಿಗೂ ಅವರ ಹೆಸರಿದೆ. 2019ರಲ್ಲಿ ಅವರ ಬದುಕನ್ನು ಕುರಿತು ಮರಾಠಿಯಲ್ಲಿ ಚಲನಚಿತ್ರವೂ ಬಂತು.

ಒಬ್ಬ ರೋಗಿಗೂ ತಮ್ಮ ಊರಿನಲ್ಲಿ ಔಷಧಿ ಕೊಡುವ ಮೊದಲೇ ಹೋದ ಈ ಬದುಕಿನಿಂದ ಏನು ಫಲ ಬಂತೆಂದು ಕೆಲವರು ಕೇಳಬಹುದು. ಆಚಾರ ಬಿಡದೆ, ಸರಿಯಾಗಿ ಉಣ್ಣದೆ, ಚಳಿಯಲ್ಲಿ ನರಳಿ ಪ್ರಾಣ ಕಳೆದುಕೊಂಡರೆಂದು ಹೇಳುವವರೂ ಇದ್ದಾರೆ. ನಮಗನಿಸುವಂತೆ ಅದು ಪೂರ್ತಿ ನ್ಯಾಯವಾದ ಮಾತಲ್ಲ. ಕಾಯಿಲೆಯ ಲಕ್ಷಣಗಳು ಕಲ್ಕತ್ತದಲ್ಲಿಯೇ ಕಂಡಿದ್ದವು. ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಜಗತ್ತಿಗೆ ತಿಳಿಸಿದ್ದೇ 1882ರಲ್ಲಿ, ಅದಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ಸಿಕ್ಕಿದ್ದು 1940ರ ದಶಕದಲ್ಲಿ. ಬೆಚ್ಚಗಿನ ಕೋಣೆ, ಒಳ್ಳೆಯ ಊಟ ಇದ್ದಿದ್ದರೆ ಕೆಲವು ವರ್ಷ ಹೆಚ್ಚು ಬದುಕುತ್ತಿದ್ದರೇನೋ. ಗುಣವಾಗುವ ಮದ್ದು ಮಾತ್ರ ಆಗ ಯಾರ ಬಳಿಯೂ ಇರಲಿಲ್ಲ. ಈಗ ಇದೆ. ಆದ್ದರಿಂದ ಈಗಿನ ವಿದ್ಯಾರ್ಥಿ ಓದಿನ ಭರದಲ್ಲಿ ಜ್ವರವನ್ನೂ ನಿದ್ದೆಗೇಡನ್ನೂ ಮನಸ್ಸಿನ ಬೇಸರವನ್ನೂ ಮುಚ್ಚಿಟ್ಟರೆ ಅದಕ್ಕೆ ಸಬೂಬು ಇಲ್ಲ.

ಫಲದ ವಿಷಯಕ್ಕೆ ಬಂದರೆ, ನಮ್ಮ ಊರಿನ ಕಡೆಯೇ ಒಂದು ಉದಾಹರಣೆ ಇದೆ. ಆನಂದಿಬಾಯಿಯವರ ಆರು ವರ್ಷಗಳ ನಂತರ, 1892ರಲ್ಲಿ, ಇಬ್ಬರು ಚೀನೀ ಹುಡುಗಿಯರು ಡೆಟ್ರಾಯಿಟ್ ಬಳಿಯ ಆನ್ ಆರ್ಬರಿಗೆ ವೈದ್ಯಕೀಯ ಕಲಿಯಲು ಬಂದರು. ಮೇರಿ ಸ್ಟೋನ್, ಐಡಾ ಕಾನ್ ಎಂದು ಇಲ್ಲಿಯವರು ಕರೆದ ಅವರು 1896ರಲ್ಲಿ ಪದವಿ ಪಡೆದು ಸ್ವದೇಶಕ್ಕೆ ಮರಳಿದರು. ಶಿಕಾಗೋದ ಡಾಕ್ಟರ್ ಡ್ಯಾನ್‌ಫರ್ತ್ ಕೊಟ್ಟ ಹಣದಿಂದ ಅವರ ಊರಿನಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ಎದ್ದಿತು. ಅಂಥವರ ಕೆಲಸವನ್ನು ಕಣ್ಣಾರೆ ಕಂಡ ಡೆಟ್ರಾಯಿಟಿನ ವಕೀಲ ಲೀವೈ ಬಾರ್ಬರ್ 1917ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು ಏಷ್ಯಾದ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿ ವೇತನ ಸ್ಥಾಪಿಸಿದರು. ತಲಚೇರಿಯ ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಆ ವೇತನದಿಂದಲೇ ಆನ್ ಆರ್ಬರಿನಲ್ಲಿ ಓದಿ 1931ರಲ್ಲಿ ಡಾಕ್ಟರೇಟ್ ಪಡೆದರು. ಮೊದಲು ಬಂದವರು ಚೆನ್ನಾಗಿ ನಡೆದುಕೊಂಡರೆ ಹಿಂದೆ ಬರುವವರಿಗೆ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಓದುಗ ಬಂಧುಗಳೇ, ಆನಂದಿಬಾಯಿಯವರ ಕಥೆಯಲ್ಲಿ ನಮಗೆ ಎರಡು ಪಾತ್ರಗಳು ಕಾದಿವೆ. ಒಂದು ಗೋಪಾಲರಾಯರದು, ಒತ್ತಾಯದಿಂದಾದರೂ ಓದಿಸಿಯೇ ತೀರುವುದು. ಮತ್ತೊಂದು ಕಾರ್ಪೆಂಟರ್ ಮಾವಶಿಯದು, ದೂರದಿಂದ ಬಂದ ಮಗುವಿಗೆ ಮನೆಯ ಬಾಗಿಲು ತೆರೆದು, ಹೇಗಿದ್ದೀಯೆಂದು ಕೇಳುವುದು. ಮೊದಲನೆಯದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಎರಡನೆಯದಕ್ಕೆ ಈ ಊರುಗಳಲ್ಲಿ ಎಷ್ಟೋ ಮಕ್ಕಳು ಕಾದಿದ್ದಾರೆ. ರಾತ್ರಿ ಡ್ಯೂಟಿ ಮುಗಿಸಿ ಖಾಲಿ ಅಪಾರ್ಟ್‌ಮೆಂಟಿಗೆ ಹೋಗಿ ಮಲಗುವವರು, ಯುಗಾದಿ ಯಾವ ದಿನವೆಂಬುದೇ ಮರೆತವರು. ಆನಂದಿಬಾಯಿಯವರ ಹುಟ್ಟುಹಬ್ಬ ಯುಗಾದಿಯ ಆಸುಪಾಸಿನಲ್ಲಿಯೇ ಬರುತ್ತದೆ. ಈ ಸಲ ಹಬ್ಬದ ದಿನ ಅಂಥ ಒಬ್ಬರನ್ನು ಕರೆದು ಒಂದು ಎಲೆ ಹೆಚ್ಚು ಹಾಕೋಣ. ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಕೇಳುವ ಮೊದಲು ಊಟವಾಯಿತೇ, ನಿದ್ದೆ ಬರುತ್ತಿದೆಯೇ ಎಂದು ಕೇಳೋಣ. ಕಲಿಯಲು ಬಂದಿರುವ ಎಲ್ಲ ಮಕ್ಕಳಿಗೂ ಭಗವಂತನು ವಿದ್ಯೆಯ ಜೊತೆಗೆ ಆಯುರಾರೋಗ್ಯವನ್ನೂ ಕೊಟ್ಟು ಕಾಪಾಡಲಿ.